ಅಕ್ಷರ ಫೋನಿನಲ್ಲಿ ಒಪ್ಪಿಸಿ, ಬಣ್ಣ ಕಾಗದದ ಮೇಲೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಡಿಟಿಪಿ ಮತ್ತು ಡಿಸೈನ್ ಅಂಗಡಿಗಳ ಸ್ನೇಹಿತರಿಗೆ ಒಂದು ಬಹಿರಂಗ ಪತ್ರ



ನೀವು ಕಳಿಸುವ ಫೈಲುಗಳು ಕೊನೆಗೆ ಬಂದು ಬೀಳುವ ಜಾಗದಲ್ಲಿ ಕೂತಿರುವವನು ನಾನು. ಬೆಂಗಳೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ಲೇಟ್ ತೆಗೆಯುವ ಕೆಲಸ. ಮಾಗಡಿಯ ಲಗ್ನಪತ್ರಿಕೆ, ಕನಕಪುರದ ಹಾಲಿನ ಸಂಘದ ವಾರ್ಷಿಕ ವರದಿ, ರಾಮನಗರದ ಶಾಲೆಯ ಡೈರಿ, ಚನ್ನಪಟ್ಟಣದ ಬೊಂಬೆ ಪೆಟ್ಟಿಗೆ, ಇಂಥವೆಲ್ಲ ನನ್ನ ಕಣ್ಣೆದುರು ಹಾದುಹೋಗುತ್ತವೆ. ನಿಮ್ಮಲ್ಲಿ ಅನೇಕರ ಮುಖ ನೋಡಿಲ್ಲ. ಆದರೆ ಯಾರು ಯಾವ ಫಾಂಟಿಗೆ ಅಂಟಿಕೊಂಡಿದ್ದಾರೆ, ಯಾರು ಮೂಲೆಯಲ್ಲೊಂದು ತಾವರೆ ಇಡದೆ ಬಿಡುವುದಿಲ್ಲ ಎಂಬುದೆಲ್ಲ ಗೊತ್ತು. ಸಂಜೆ ಏಳಕ್ಕೆ ಬಂದು ಬೆಳಿಗ್ಗೆಗೆ ಕಾರ್ಡು ಬೇಕು ಎನ್ನುವ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ಮಾಡುವ ಕೆಲಸ ಸಣ್ಣದಲ್ಲ. ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೆಸರು ಬದಲಾದರೆ ಲೆಟರ್‌ಹೆಡ್ಡು, ಬೋರ್ಡು, ಬಿಲ್ ಪುಸ್ತಕ ಎಲ್ಲ ಹೊಸದಾಗಬೇಕು. ಕೆಲಸಕ್ಕೇನೂ ಬರವಿಲ್ಲ.

ಬರವಿರುವುದು ನೆಮ್ಮದಿಗೆ. ಮುದ್ರಣವಾಗಿ ಬಂದ ಬಂಡಲ್ ಬಿಚ್ಚಿದಾಗ ಗಿರಾಕಿ ಆಡುವ ಮಾತು ನಿಮಗೆ ಬಾಯಿಪಾಠವಾಗಿದೆ: “ಫೋನಲ್ಲಿ ನೋಡ್ದಾಗ ಹಿಂಗಿರ್ಲಿಲ್ವಲ್ಲ ಸಾರ್!” ನೀವು ಪ್ರೆಸ್ಸಿಗೆ ಫೋನ್ ಮಾಡುತ್ತೀರಿ. ಫೈಲೇ ಹಾಗಿತ್ತು ಎಂದು ಪ್ರೆಸ್ಸಿನವರು ಕೈತೊಳೆದುಕೊಳ್ಳುತ್ತಾರೆ. ಬಾಕಿ ಹಣ ಅರ್ಧಕ್ಕೇ ನಿಲ್ಲುತ್ತದೆ. ಇಂಥ ಜಗಳಗಳನ್ನು ಎರಡೂ ಕಡೆಯಿಂದ ಕೇಳಿಸಿಕೊಂಡವನಾಗಿ ನನಗೆ ಅನಿಸುವುದು ಇಷ್ಟು: ಇವುಗಳಲ್ಲಿ ಬಹುಪಾಲು ಮಷೀನಿನ ಹತ್ತಿರ ಹುಟ್ಟಿದ್ದಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಹುಟ್ಟಿದ್ದೂ ಅಲ್ಲ. ಗಿರಾಕಿ ವಾಟ್ಸಾಪ್ ತೆರೆದು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ ಗಳಿಗೆಯಲ್ಲಿ ಹುಟ್ಟಿದ್ದು. ಹಾಗಾಗಿ ನನ್ನ ಕೋರಿಕೆ ಒಂದೇ. ಅಕ್ಷರ, ಹೆಸರು, ಮುಹೂರ್ತ, ದೂರವಾಣಿ ಸಂಖ್ಯೆ ಇವನ್ನು ಫೋನಿನಲ್ಲಿ ಒಪ್ಪಿಸಿ. ಬಣ್ಣವನ್ನು ಕಾಗದದ ಮೇಲೆ ಮಾತ್ರ ಒಪ್ಪಿಸಿ. ಮುಂದೆ ಬರೆದಿರುವುದೆಲ್ಲ ಇದಕ್ಕೆ ಕಾರಣ ಮತ್ತು ದಾರಿ.

ಫೋನ್ ತಯಾರಿಸುವವರು ಗ್ರಾಹಕರ ಕಣ್ಣು ಸೆಳೆಯಲು ಬಣ್ಣವನ್ನು ಬೇಕೆಂದೇ ಏರಿಸಿರುತ್ತಾರೆ. ಅನೇಕ ಫೋನುಗಳಲ್ಲಿ ವಿವಿಡ್ ಎಂಬ ಸೆಟ್ಟಿಂಗು ಮೊದಲಿಂದಲೇ ಚಾಲೂ ಇರುತ್ತದೆ. ರಾತ್ರಿಯಾದರೆ ಕಣ್ಣಿಗೆ ಹಿತವಾಗಲೆಂದು ಪರದೆ ತಾನೇ ಹಳದಿಗೆ ತಿರುಗುತ್ತದೆ. ಮದುಮಗನ ಫೋನು, ಅವನ ಅಪ್ಪನ ಫೋನು, ಚಿಕ್ಕಪ್ಪನ ಫೋನು ಮೂರರಲ್ಲೂ ಒಂದೇ ಫೈಲು ಮೂರು ಬಗೆಯಾಗಿ ಕಾಣುತ್ತದೆ. ಮೂವರೂ ಒಪ್ಪಿರುತ್ತಾರೆ, ಮೂರು ಬೇರೆ ಬೇರೆ ಕಾರ್ಡುಗಳನ್ನು! ನಿಮ್ಮ ಅಂಗಡಿಯ ಮಾನಿಟರೂ ಸತ್ಯಹರಿಶ್ಚಂದ್ರನೇನಲ್ಲ. ಡಬ್ಬಿಯಿಂದ ತೆಗೆದ ಮಾನಿಟರ್ ಸಾಮಾನ್ಯವಾಗಿ ಅತಿ ಪ್ರಕಾಶದಲ್ಲಿ, ತುಸು ನೀಲಿಗೆ ವಾಲಿಕೊಂಡು ಉರಿಯುತ್ತಿರುತ್ತದೆ. ಪಕ್ಕದಲ್ಲೊಂದು ಬಿಳಿ ಕಾಗದ ಹಿಡಿದು ನೋಡಿ, ಪರದೆಯ ಬಿಳಿ ಕಾಗದದ ಬಿಳಿಯನ್ನು ನುಂಗಿಹಾಕುತ್ತದೆ. ಮೊದಲು ಬ್ರೈಟ್‌ನೆಸ್ ಇಳಿಸಿ, ಬಣ್ಣದ ತಾಪಮಾನವನ್ನು 6500 ಕೆಲ್ವಿನ್‌ಗೆ ಹೊಂದಿಸಿ. ಇಷ್ಟಕ್ಕೆ ಕಾಸು ಖರ್ಚಿಲ್ಲ. ಪರದೆಗೆ ಅಂಟಿಸಿ ಅಳೆಯುವ ಕ್ಯಾಲಿಬ್ರೇಟರ್ ಉಪಕರಣವೂ ಇದೆ. ಒಬ್ಬೊಬ್ಬರೇ ಕೊಳ್ಳುವುದು ಭಾರವೆನಿಸಿದರೆ ನಾಲ್ಕೈದು ಅಂಗಡಿಯವರು ಸೇರಿ ಒಂದು ಕೊಂಡು ಸರದಿಯಲ್ಲಿ ಬಳಸಬಹುದು.

ಪರದೆಗೂ ಕಾಗದಕ್ಕೂ ಹೊಂದಿಕೆಯಾಗದಿರುವುದಕ್ಕೆ ಮೂಲ ಕಾರಣ ನಿಮಗೆ ಗೊತ್ತಿರಬಹುದು. ಆದರೂ ಗಿರಾಕಿಗೆ ವಿವರಿಸುವಾಗ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತೇನೆ. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕಣ್ಣಿಗೆ ಹಾಯಿಸುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ 255ರವರೆಗೆ ಮೆಟ್ಟಿಲು. ಎಲ್ಲ ಕೂಡಿಸಿದರೆ 1,67,77,216 ಸಂಯೋಜನೆ. ಇಂಕಿಗೆ ಬೆಳಕಿಲ್ಲ. ಕಾಗದದ ಮೇಲೆ ಬಿದ್ದ ಬಿಳಿ ಬೆಳಕಿನಿಂದ ಅದು ಒಂದಷ್ಟನ್ನು ಕಿತ್ತುಕೊಳ್ಳುತ್ತದೆ. ಸಯಾನ್ ಕೆಂಪನ್ನು ಕೀಳುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಮೂರನ್ನೂ ಒಂದರ ಮೇಲೊಂದು ಬಿಟ್ಟರೆ ಕಪ್ಪು ಬರಬೇಕಿತ್ತು, ಬರುವುದು ಕೆಸರುಗಂದು. ಅದಕ್ಕೇ ನಾಲ್ಕನೆಯದಾಗಿ ಕಪ್ಪು ಇಂಕು. ಈ ನಾಲ್ಕು ಮುಟ್ಟಬಲ್ಲ ಬಣ್ಣಗಳ ಹರವು ಪರದೆಯ ಹರವಿಗಿಂತ ಕಿರಿದು. ನಮ್ಮ ಕರ್ಮಕ್ಕೆ, ನಮ್ಮ ಜನ ಮೆಚ್ಚುವ ಬಣ್ಣಗಳೇ ಆ ಹರವಿನ ಹೊರಗೆ ಕೂತಿವೆ: ಗಿಳಿಹಸಿರು, ನವಿಲಿನ ಕತ್ತಿನ ನೀಲಿ, ರಾಣಿ ಪಿಂಕ್, ಉರಿಯುವಂಥ ಕೇಸರಿ. ಮದುವೆ ಸೀರೆಯ ಫೋಟೊ ಹಾಕಿ ಅದೇ ಬಣ್ಣದ ಕಾರ್ಡು ಕೇಳುವವರಿಗೆ ಈ ಮಾತನ್ನು ಮುಂಗಡ ಇಸಿದುಕೊಳ್ಳುವ ಮೊದಲೇ ಹೇಳಿಬಿಡಬೇಕು, ಆಮೇಲಲ್ಲ. ನೀಲಿಯದು ಇನ್ನೊಂದು ತೊಂದರೆ. ಪರದೆಯ ಅಚ್ಚನೀಲಿ ಪರಿವರ್ತನೆಯಾದಾಗ ಸಯಾನ್, ಮಜೆಂಟಾ ಎರಡೂ ಹತ್ತಿರ ಹತ್ತಿರದ ಪ್ರಮಾಣಕ್ಕೆ ಬಂದು ಕಾಗದದ ಮೇಲೆ ನೇರಳೆಯಾಗಿ ಕೂರುತ್ತದೆ. ನೀಲಿ ನೀಲಿಯಾಗಿಯೇ ಉಳಿಯಬೇಕಾದರೆ ಮಜೆಂಟಾವನ್ನು ಸಯಾನ್‌ಗಿಂತ ಕನಿಷ್ಠ 30ರಷ್ಟು ಕೆಳಗಿಡಿ.

ಪ್ರೊಫೈಲ್ ವಿಷಯಕ್ಕೆ ಬಂದರೆ ನಿಮ್ಮಲ್ಲಿ ಕೆಲವರು ಪುಟ ಮಗುಚುತ್ತೀರಿ, ಗೊತ್ತು. ಸ್ವಲ್ಪ ತಾಳಿ. ಐಸಿಸಿ ಎಂಬ ಒಕ್ಕೂಟ 1993ರಲ್ಲಿ ಹುಟ್ಟಿದ್ದೇ ಒಂದು ಯಂತ್ರದ ಬಣ್ಣ ಇನ್ನೊಂದು ಯಂತ್ರಕ್ಕೆ ಅರ್ಥವಾಗಲಿ ಎಂದು. ನಾವು ದಿನವೂ ಬಳಸುವ ಎಸ್‌ಆರ್‌ಜಿಬಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕೂಡಿ ಮಾಡಿದ್ದು. “ಮಜೆಂಟಾ 100, ಹಳದಿ 100” ಎಂದು ನೀವು ಬರೆದರೆ ಅದು ಯಾವ ಇಂಕಿನ, ಯಾವ ಕಾಗದದ, ಯಾವ ಮಷೀನಿನ ನೂರು ಎಂಬುದನ್ನು ಪ್ರೊಫೈಲ್ ಹೇಳುತ್ತದೆ. ಪ್ರೊಫೈಲ್ ಇಲ್ಲದ ಅಂಕಿ ಎಂದರೆ ಊರ ಹೆಸರಿಲ್ಲದ ಮನೆ ನಂಬರು. ಫೋಟೊಶಾಪನ್ನು ಹಾಕಿಕೊಂಡ ಹಾಗೆಯೇ ಬಿಟ್ಟಿದ್ದರೆ ಅದರಲ್ಲಿ ಬಹಳ ಮಟ್ಟಿಗೆ ಅಮೆರಿಕದ ಸ್ವಾಪ್ ಪ್ರೊಫೈಲ್ ಇರುತ್ತದೆ. ಅದು ಅಲ್ಲಿನ ವೆಬ್ ಆಫ್‌ಸೆಟ್ ಮ್ಯಾಗಜೀನುಗಳಿಗಾಗಿ ಬಂದದ್ದು. ಮೈಸೂರು ರಸ್ತೆಯ ಆಚೀಚೆ ಆರ್ಟ್ ಪೇಪರಿನ ಮೇಲೆ ಶೀಟ್ ಲೆಕ್ಕದಲ್ಲಿ ಅಚ್ಚಾಗುವ ನಿಮ್ಮ ಕೆಲಸಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ನೀವು ಕೆಲಸ ಕೊಡುವ ಪ್ರೆಸ್ಸಿನವರನ್ನು ಯಾವ ಪ್ರೊಫೈಲ್ ಎಂದು ಕೇಳಿ. ಕೆಲವರು ಫೋಗ್ರಾ 39 ಎನ್ನುತ್ತಾರೆ, ಕೆಲವರು ತಮ್ಮದೇ ಪ್ರೊಫೈಲ್ ಕೊಡುತ್ತಾರೆ. ಕೆಲವರು ಮುಖ ನೋಡುತ್ತಾರೆ, ಅವರ ವಿಷಯ ಆಮೇಲೆ. ಪ್ರೊಫೈಲ್ ಹಾಕಿಕೊಂಡ ಮೇಲೆ ಫೋಟೊಶಾಪಿನಲ್ಲಿ ಕಂಟ್ರೋಲ್ ವೈ ಒತ್ತಿದರೆ ಕಾಗದದ ಮೇಲೆ ಬಣ್ಣ ಎಷ್ಟು ಕಂದುತ್ತದೆ ಎಂಬುದರ ಅಂದಾಜು ಪರದೆಯಲ್ಲೇ ಸಿಗುತ್ತದೆ. ಆ ಮಂಕು ನೋಡಿ ಬೇಸರ ಪಡಬೇಡಿ, ಮುದ್ರಣದಲ್ಲಿ ಸಿಗುವುದು ಅದೇ.

ಕೋರೆಲ್‌ಡ್ರಾ ಬಳಸುವವರಿಗೆ, ಅಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ, ಒಂದು ಮಾತು. ಒಂದೇ ಫೈಲಿನಲ್ಲಿ ಅರ್ಧ ಬಣ್ಣ ಆರ್‌ಜಿಬಿ ಪ್ಯಾಲೆಟ್ಟಿನಿಂದ, ಇನ್ನರ್ಧ ಸಿಎಂವೈಕೆ ಪ್ಯಾಲೆಟ್ಟಿನಿಂದ ಬಂದಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಹಳೆಯ ಕಾರ್ಡಿನಿಂದ ಗಣಪತಿಯನ್ನು ಎತ್ತಿಕೊಂಡು ಬಂದಾಗ ಅದರ ಹಳೆಯ ಬಣ್ಣಗಳೂ ಜೊತೆಗೇ ಬಂದಿರುತ್ತವೆ. ಪರದೆಯಲ್ಲಿ ಒಂದೇ ಥರ ಕಾಣುವ ಎರಡು ಕೆಂಪುಗಳು ಪ್ಲೇಟಿನಲ್ಲಿ ಬೇರೆಯಾಗುವುದು ಹೀಗೆ. ಫೈಲ್ ಕಳಿಸುವ ಮುನ್ನ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆದರೆ ಎಷ್ಟು ಆರ್‌ಜಿಬಿ ಉಳಿದಿದೆ ಎಂಬುದು ಅಲ್ಲೇ ಕಾಣುತ್ತದೆ. ಕಳಿಸುವಾಗ ಜೆಪೆಗ್ ಬೇಡ, ಪಿಡಿಎಫ್ ಇರಲಿ, ಪಿಡಿಎಫ್ ಎಕ್ಸ್ ಆದರೆ ಇನ್ನೂ ಮೇಲು. ವಾಟ್ಸಾಪಿನಲ್ಲೇ ಕಳಿಸಬೇಕಾದರೆ ಫೋಟೊ ಎಂದು ಅಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಹೋದದ್ದು ದಾರಿಯಲ್ಲೇ ಹಿಂಡಿ ಹಿಪ್ಪೆಯಾಗಿ ನಮ್ಮ ಕೈಸೇರುತ್ತದೆ.

ಈಗ ಚನ್ನಪಟ್ಟಣದ ಬೊಂಬೆ. ಈ ಪತ್ರ ಬರೆಯಬೇಕೆನಿಸಿದ್ದೇ ಬೊಂಬೆ ಪೆಟ್ಟಿಗೆಗಳಿಂದ. ಪೆಟ್ಟಿಗೆಯ ಮೇಲಿನ ಬಣ್ಣಕ್ಕೂ ಒಳಗಿನ ಬೊಂಬೆಯ ಬಣ್ಣಕ್ಕೂ ತಾಳಮೇಳವಿಲ್ಲದಿದ್ದರೆ ಬೇರೆಲ್ಲ ಕಡೆ ನಡೆದೀತು, ಇಲ್ಲಿ ನಡೆಯುವುದಿಲ್ಲ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಹೊರದೇಶಗಳಿಗೆ ಹೋಗುತ್ತದೆ, ಆನ್‌ಲೈನಿನಲ್ಲಿ ಮಾರಾಟವಾಗುತ್ತದೆ. ಚಿತ್ರ ನೋಡಿ ಕೊಂಡವರು ಬಣ್ಣ ಬೇರೆ ಎಂದು ವಾಪಸ್ ಕಳಿಸಿದರೆ ಪೆಟ್ಟು ಬೀಳುವುದು ಲೇತ್ ಮುಂದೆ ಕೂತವರಿಗೆ.

ಬೊಂಬೆಯ ಬಣ್ಣ ಹೇಗೆ ಹುಟ್ಟುತ್ತದೆ ಎಂಬುದು ಚನ್ನಪಟ್ಟಣದವರಿಗೆ ಹೇಳಿಕೊಡಬೇಕಾದ್ದಲ್ಲ, ಉಳಿದ ಮೂರೂರಿನವರಿಗಾಗಿ ಬರೆಯುತ್ತೇನೆ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅಲ್ಲಿಗೆ ಬಣ್ಣ ಮರದ ಮೇಲೆ ಬಳಿದ ಪೇಂಟಲ್ಲ, ಬೆಳಕು ಒಳಗಿಳಿದು ಹಿಂದಿರುಗುವ ಒಂದು ಪದರ. ಅದರ ಕೆಂಪಿಗೆ ಆಳ ಇರುವುದು ಅದರಿಂದ. ನಾವು ಕಾಗದಕ್ಕೆ ಹಾಕುವ ಇಂಕಿನ ಪದರವೋ ಕೂದಲೆಳೆಗಿಂತ ಎಷ್ಟೋ ತೆಳು. ಹಾಗಾಗಿ ಅರಗಿನ ಹೊಳಪನ್ನು ನಾಲ್ಕು ಬಣ್ಣದಲ್ಲಿ ಹಿಡಿಯುತ್ತೇವೆ ಎಂಬ ಆಸೆಯನ್ನು ಮೊದಲೇ ಬಿಡಬೇಕು. ಹಿಡಿಯಬಹುದಾದ್ದು ಬಣ್ಣದ ಜಾತಿಯನ್ನು: ಅದು ಕುಂಕುಮದ ಕಡೆಯ ಕೆಂಪೋ, ಇಟ್ಟಿಗೆಯ ಕಡೆಯದೋ, ಅರಿಶಿನದ ಹಳದಿಯೋ, ನಿಂಬೆಯದೋ. ಸಸ್ಯಮೂಲದ ಬಣ್ಣ ಬಳಸುವ ಕುಶಲಕರ್ಮಿಗಳ ಬೊಂಬೆಗಳಲ್ಲಂತೂ ಈ ವ್ಯತ್ಯಾಸವೇ ಅವರ ಸರಕಿನ ಗುರುತು. ಅವನ್ನು ಝಗಮಗಿಸುವ ಪ್ಲಾಸ್ಟಿಕ್ ಬಣ್ಣಕ್ಕೆ ಏರಿಸಿ ಪೆಟ್ಟಿಗೆ ಮಾಡಿದರೆ ಒಳಗಿನ ಬೊಂಬೆ ಪೇಲವವಾಗಿ ಕಾಣುತ್ತದೆ. ಬೊಂಬೆಯ ತಪ್ಪಲ್ಲ, ಪೆಟ್ಟಿಗೆ ಸುಳ್ಳು ಹೇಳಿದೆ.

ಅರ್ಧ ಕೆಲಸ ಫೋಟೊ ತೆಗೆಯುವಾಗಲೇ ಆಗಬೇಕು. ಅಂಗಡಿಯ ಎಲ್‌ಇಡಿ ದೀಪ ಒಂದು ಕಡೆ, ಬಾಗಿಲಿನ ಬಿಸಿಲು ಇನ್ನೊಂದು ಕಡೆ ಬೀಳುತ್ತಿದ್ದರೆ ಒಂದೇ ಬೊಂಬೆಯ ಎರಡು ಮಗ್ಗುಲು ಎರಡು ಬಣ್ಣವಾಗುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿ ಮಾಡುವುದಿಲ್ಲ. ಒಂದೇ ಬಗೆಯ ಬೆಳಕಿರಲಿ. ಮೋಡ ಮುಚ್ಚಿದ ಹಗಲು, ನೆರಳಿರುವ ಜಗುಲಿ ಸಾಕು. ಅರಗು ಕನ್ನಡಿಯಂತೆ ಬೆಳಕನ್ನು ವಾಪಸ್ ಎಸೆಯುವುದರಿಂದ ಫ್ಲ್ಯಾಷ್ ಬೇಡವೇ ಬೇಡ. ದೀಪಕ್ಕೂ ಬೊಂಬೆಗೂ ನಡುವೆ ತೆಳುವಾದ ಬಿಳಿ ಬಟ್ಟೆ ಕಟ್ಟಿ. ಮೊದಲ ಚಿತ್ರದಲ್ಲಿ ಬೊಂಬೆಯ ಪಕ್ಕ ಒಂದು ಗ್ರೇ ಕಾರ್ಡ್ ಇಟ್ಟು ತೆಗೆಯಿರಿ. ಆ ಬೂದು ಬೂದಾಗಿಯೇ ಬರುವಂತೆ ವೈಟ್ ಬ್ಯಾಲೆನ್ಸ್ ಸರಿಮಾಡಿ, ಅದನ್ನೇ ಉಳಿದ ಚಿತ್ರಗಳಿಗೂ ಹಚ್ಚಿ. 24 ಚೌಕದ ಕಲರ್ ಚಾರ್ಟ್ ಇದ್ದರಂತೂ ಕೇಳುವುದೇ ಬೇಡ. ತಿದ್ದುವ ಕೆಲಸವೆಲ್ಲ ಆರ್‌ಜಿಬಿಯಲ್ಲೇ ಮುಗಿಯಲಿ, ಸಿಎಂವೈಕೆಗೆ ಪರಿವರ್ತನೆ ಕಟ್ಟಕಡೆಗೆ, ಒಂದೇ ಸಲ. ಹೋಗಿ ಬಂದು ಮಾಡಿದಷ್ಟೂ ಬಣ್ಣ ಸವೆಯುತ್ತದೆ.

ಆಮೇಲೆ, ದಯವಿಟ್ಟು, ಬೊಂಬೆಯನ್ನೇ ಪ್ರೆಸ್ಸಿಗೆ ಕಳಿಸಿ. ಮಾತಿನಲ್ಲಿ ನೂರು ಹೇಳಿದರೂ, ಮಷೀನ್ ಆಪರೇಟರ್ ಕಣ್ಣೆದುರು ಒಂದು ಕೆಂಪು ಬೊಂಬೆ ಇದ್ದರೆ ಆಗುವ ಕೆಲಸ ಬೇರೆ. ಅದನ್ನು ನೋಡುವ ಬೆಳಕಿನ ಬಗ್ಗೆಯೂ ಗಮನವಿರಲಿ. ಮುದ್ರಣದಲ್ಲಿ ಬಣ್ಣ ನೋಡಲು ಒಪ್ಪಿತವಾದ ಬೆಳಕು 5000 ಕೆಲ್ವಿನ್‌ನದು. ಟ್ಯೂಬ್‌ಲೈಟ್ ಕೆಳಗೆ ಒಂದಕ್ಕೊಂದು ಹೊಂದಿದಂತೆ ಕಂಡ ಅರಗಿನ ಕೆಂಪು ಮತ್ತು ಇಂಕಿನ ಕೆಂಪು ಬಿಸಿಲಿಗೆ ತಂದರೆ ಬೇರೆಯಾಗಬಹುದು. ಎರಡರ ರಾಸಾಯನಿಕ ಬೇರೆ, ಬೆಳಕಿಗೆ ಅವು ಕೊಡುವ ಉತ್ತರವೂ ಬೇರೆ. ಒಂದು ಕಂಪನಿ ವರ್ಷಗಟ್ಟಲೆ ಒಂದೇ ಕೆಂಪನ್ನು ಲೋಗೊಗೆ ಬಳಸುತ್ತದೆ ಎಂದಾದರೆ ನಾಲ್ಕು ಬಣ್ಣ ಬೆರೆಸುವ ಹಂಗೇಕೆ? ಐದನೆಯ ಇಂಕಾಗಿ ಸ್ಪಾಟ್ ಕಲರ್ ಕೇಳಿ. 1963ರಿಂದ ನಡೆದುಬಂದಿರುವ ಪ್ಯಾಂಟೋನ್ ಪದ್ಧತಿ ಇರುವುದೇ ಇದಕ್ಕೆ. ನಂಬರನ್ನು ಮಾತ್ರ ಪ್ಯಾಂಟೋನ್ ಪುಸ್ತಕ ನೋಡಿ ಆರಿಸಿ, ಪರದೆ ನೋಡಿ ಅಲ್ಲ. ಪುಸ್ತಕವೂ ಹಳತಾದರೆ ಮಾಸುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರಿಗೆ ಇದೆಲ್ಲ ಹೊಸದೇನಲ್ಲ, ಅವರು ಮೊದಲಿಂದಲೂ ಡಬ್ಬಿಯಲ್ಲಿ ಇಂಕು ಕಲಸಿ, ಕಾರ್ಡಿನ ಮೂಲೆಗೆ ಬೆರಳಲ್ಲಿ ಸವರಿ ನೋಡಿಯೇ ಮುಂದುವರಿಯುವವರು. ಕಾಗದದ ಮೇಲೆ ಬಣ್ಣ ಒಪ್ಪಿಸುವುದು ಎಂದು ನಾನು ಇಷ್ಟುದ್ದ ಬರೆಯುತ್ತಿರುವುದನ್ನು ಅವರು ಯಾವ ಭಾಷಣವೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ.

ನವೆಂಬರ್ ಬಂದರೆ ನಾಲ್ಕೂ ಊರಿನಿಂದ ಕನ್ನಡ ಬಾವುಟದ ಕೆಲಸ ಬರುತ್ತದೆ. ಮ. ರಾಮಮೂರ್ತಿಯವರು ರೂಪಿಸಿದ ಬಾವುಟದ ಹಳದಿ, ಕೆಂಪು ನಮಗೆ ಅರಿಶಿನ ಕುಂಕುಮ. ಫೈಲಿನಲ್ಲಿ ನೋಡಿದರೆ ಹಳದಿಗೆ ಆರ್‌ಜಿಬಿಯ 255, 255, 0. ಸ್ವಾಪ್ ಪ್ರೊಫೈಲಿನಲ್ಲಿ ಅದನ್ನು ಪರಿವರ್ತಿಸಿದರೆ ಹಳದಿಯ ಜೊತೆ ಸುಮಾರು 6ರಷ್ಟು ಸಯಾನ್ ಬಂದು ಕೂರುತ್ತದೆ. ಅಷ್ಟು ಸಯಾನ್ ಸಾಕು, ಅರಿಶಿನ ನಿಂಬೆಕಾಯಾಗಲು. ಸಯಾನನ್ನು ಸೊನ್ನೆ ಮಾಡಿ, ಹಳದಿ 100ಕ್ಕೆ ಮಜೆಂಟಾ 15 ಕೊಟ್ಟು ನೋಡಿ. ಕೆಂಪಿಗೆ ಮಜೆಂಟಾ 100, ಹಳದಿ 90, ಸಯಾನ್ 10ರ ಆಸುಪಾಸು ಇಟ್ಟರೆ ಕಿತ್ತಳೆಗೆ ಜಾರುವುದು ನಿಲ್ಲುತ್ತದೆ. ಇವು ನಾನು ಆರ್ಟ್ ಪೇಪರಿಗೆ ಬಳಸುವ ಅಂಕಿಗಳು, ವೇದವಾಕ್ಯವಲ್ಲ. ನಿಮ್ಮ ಕಾಗದಕ್ಕೆ ತಿದ್ದಿಕೊಳ್ಳಿ. ಬಾವುಟದ ಬಣ್ಣವನ್ನು ಅಂದಾಜಿಗೆ ಬಿಡಬಾರದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಮೇಲ್ಪಂಕ್ತಿ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1 ಮಾನದಂಡ ಧ್ವಜದ ಕೇಸರಿ, ಹಸಿರು, ನೀಲಿಗಳನ್ನು ಬಣ್ಣದ ಹೆಸರಿನಲ್ಲಿ ಹೇಳಿ ಸುಮ್ಮನಾಗುವುದಿಲ್ಲ, ಅಳತೆಯ ಅಂಕಿಗಳಲ್ಲಿ ಬರೆಯುತ್ತದೆ. ಬಟ್ಟೆ ಆ ಅಂಕಿಗೆ ಹೊಂದದಿದ್ದರೆ ಧ್ವಜವಾಗುವುದಿಲ್ಲ. ರಾಜ್ಯೋತ್ಸವದ ಒಂದು ಕರಪತ್ರಕ್ಕೆ ಅಷ್ಟು ಬೇಡ. ಎರಡು ಬಣ್ಣಗಳ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಳ್ಳುವಷ್ಟು ಬೇಕು.

ಕಪ್ಪಿನ ವಿಷಯ ಬಣ್ಣದ ವಿಷಯವಲ್ಲ ಎಂದುಕೊಳ್ಳುವವರಿದ್ದಾರೆ. ಕನ್ನಡ ಮುದ್ರಿಸುವವರಿಗೆ ಅದೇ ಮುಖ್ಯ. ಫೋಟೊಶಾಪಿನಲ್ಲಿ ಆರ್‌ಜಿಬಿ ಕಪ್ಪಿನಲ್ಲಿ ಅಕ್ಷರ ಹೊಡೆದು ಸ್ವಾಪ್ ಪ್ರೊಫೈಲಿನಲ್ಲಿ ಪರಿವರ್ತಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗಿ ಒಡೆಯುತ್ತದೆ. ಅಂದರೆ ಒಂದೊಂದು ಸಣ್ಣ ಅಕ್ಷರವೂ ನಾಲ್ಕು ಪ್ಲೇಟಿನ ಮೇಲೆ ಹೋಗಿ, ನಾಲ್ಕೂ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರಬೇಕು. ಇಂಗ್ಲಿಷಿನ ದಪ್ಪಕ್ಷರ ಹೇಗೋ ಬಚಾವಾದೀತು. ನಮ್ಮ ಒತ್ತಕ್ಷರ, ಕೊಂಬು, ಐತ್ವ, ದೀರ್ಘಗಳ ಸಂದಿಗೊಂದಿಯಲ್ಲಿ ಕೂದಲೆಳೆಯಷ್ಟು ಪ್ಲೇಟ್ ಸರಿದರೂ ಬಣ್ಣದ ನೆರಳು ಕಾಣಿಸಿಕೊಂಡು ಓದುವವರ ಕಣ್ಣು ಉರಿಯುತ್ತದೆ. ಲಗ್ನಪತ್ರಿಕೆಯ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅರ್ಧ ಬಳಗದ ಹೆಸರು ಹೀಗೆ ಕಲೆಸಿಹೋದದ್ದನ್ನು ಕಂಡಿದ್ದೇನೆ. ಅಕ್ಷರಕ್ಕೆ ಕಪ್ಪು ಮಾತ್ರ 100, ಉಳಿದದ್ದು ಸೊನ್ನೆ. ಬಣ್ಣದ ಹಿನ್ನೆಲೆಯ ಮೇಲಿದ್ದರೆ ಓವರ್‌ಪ್ರಿಂಟ್. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೇಕಾದರೆ ದೊಡ್ಡದಾಗಿ, ದಪ್ಪವಾಗಿ ಇಡಿ, ಇಲ್ಲದಿದ್ದರೆ ಒತ್ತುಗಳ ಹೊಟ್ಟೆಯೊಳಗೆ ಇಂಕು ತುಂಬಿಕೊಳ್ಳುತ್ತದೆ. ಪೋಸ್ಟರಿನ ಇಡೀ ಹಿನ್ನೆಲೆ ಕಪ್ಪಾದರೆ ಮಾತ್ರ ಕಪ್ಪು 100ರ ಜೊತೆ ಸಯಾನ್ 60, ಮಜೆಂಟಾ 40, ಹಳದಿ 40 ಸೇರಿಸಿ, ಇಲ್ಲದಿದ್ದರೆ ಸ್ಲೇಟಿನಂತೆ ಬೂದಾಗುತ್ತದೆ. ನಾಲ್ಕೂ ಇಂಕಿನ ಮೊತ್ತ ಆರ್ಟ್ ಪೇಪರಿನಲ್ಲಿ 300ರೊಳಗಿರಲಿ. ದಿನಪತ್ರಿಕೆಯ ಜಾಹೀರಾತಾದರೆ 240ನ್ನೂ ದಾಟಬೇಡಿ, ನ್ಯೂಸ್‌ಪ್ರಿಂಟು ಇಂಕು ಕುಡಿದು ಹಿಂಬದಿಯ ಪುಟದಲ್ಲಿ ಕಕ್ಕುತ್ತದೆ.

ನುಡಿ ಫಾಂಟುಗಳನ್ನು ಕರ್ವ್ಸ್ ಮಾಡಿ ಕಳಿಸುವುದು ನಿಮಗೆಲ್ಲ ರೂಢಿಯಾಗಿದೆ, ಸಂತೋಷ. ಚಿನ್ನದ ಬಣ್ಣದ ವಿಷಯ ಮಾತ್ರ ಯಾರಿಗೂ ರೂಢಿಯಾಗಿಲ್ಲ. ಪರದೆಯಲ್ಲಿ ಹಳದಿಯಿಂದ ಕಂದಿಗೆ ಇಳಿಯುವ ಗ್ರೇಡಿಯಂಟ್ ಮಿನುಗಿದಂತೆ ಕಾಣುತ್ತದೆ, ಕಾಗದದ ಮೇಲೆ ಸಾಸಿವೆ ಅರೆದು ಬಳಿದ ಹಾಗೆ. ಚಿನ್ನ ಬೇಕೆಂದರೆ ಫಾಯಿಲ್, ಇಲ್ಲವೇ ಮೆಟಾಲಿಕ್ ಇಂಕು. ಮೂರನೆಯ ದಾರಿ ಇಲ್ಲ.

ಕಾಗದ ಯಾವುದು ಎಂದು ಗೊತ್ತಾಗದೆ ಬಣ್ಣ ಇಡಲು ಕೂರುವುದು ವ್ಯರ್ಥ. ನಾಲ್ಕೂ ತಾಲ್ಲೂಕುಗಳಲ್ಲಿ ಮಾವು ಬೆಳೆಯುತ್ತಾರೆ, ಬೇಸಿಗೆಯಲ್ಲಿ ಬಾದಾಮಿ, ರಸಪುರಿ, ಸೇಂದೂರ ತುಂಬುವ ರಟ್ಟಿನ ಪೆಟ್ಟಿಗೆಗೆ ಡಿಸೈನ್ ಮಾಡುವವರು ನೀವೇ. ಕಂದು ಕ್ರಾಫ್ಟ್ ರಟ್ಟಿನ ಮೇಲೆ ನೇರವಾಗಿ ಹಳದಿ ಹಾಕಿದರೆ ಮಾವು ಕೊಳೆತಂತೆ ಕಾಣುತ್ತದೆ. ಇಂಕು ಪಾರದರ್ಶಕ, ಕೆಳಗಿನ ಕಂದು ಮೇಲೆ ಬರುತ್ತದೆ. ಅಡಿಗೆ ಬಿಳಿ ಇಂಕು ಬೇಕು, ಅಥವಾ ಬಿಳಿ ಮೇಲ್ಪದರದ ರಟ್ಟು. ಎರಡಕ್ಕೂ ಬಜೆಟ್ ಇಲ್ಲವಾದರೆ ಬಣ್ಣದ ಮಾವನ್ನು ಬಿಟ್ಟು ಕಡು ಹಸಿರಿನಲ್ಲೋ ಕಪ್ಪಿನಲ್ಲೋ ಒಂದೇ ಬಣ್ಣದ ಗೆರೆಚಿತ್ರ ಮಾಡಿ, ಅದೇ ಚೆಂದ. ಮ್ಯಾಪ್ಲಿಥೊ ಕಾಗದ ಇಂಕನ್ನು ಹೀರಿ, ಒಣಗಿದ ಮೇಲೆ ಮಂಕಾಗುತ್ತದೆ. ಮ್ಯಾಟ್ ಲ್ಯಾಮಿನೇಷನ್ ಗಾಢ ಬಣ್ಣಗಳ ಕಸುವನ್ನು ತುಸು ಕುಗ್ಗಿಸುತ್ತದೆ. ಲ್ಯಾಮಿನೇಷನ್ ಇರುವ ಕೆಲಸಕ್ಕೆ ಲ್ಯಾಮಿನೇಷನ್ ಹಾಕಿದ ಪ್ರೂಫನ್ನೇ ಗಿರಾಕಿಗೆ ತೋರಿಸಿ.

ರೇಷ್ಮೆ ಕರಪತ್ರ ಮಾಡುವವರು ಇನ್ನಷ್ಟು ಎಚ್ಚರವಾಗಿರಬೇಕು. ರಾಮನಗರದ ಗೂಡು ಮಾರುಕಟ್ಟೆಗೆ ಬರುವ ರೈತರು ಗೂಡನ್ನು ಕಣ್ಣಿನಲ್ಲೇ ತೂಗುವವರು. ಮಿಶ್ರತಳಿಯ ಹಳದಿ ಗೂಡು ಚಿತ್ರದಲ್ಲಿ ಹಸಿರಾಗಿ, ದ್ವಿತಳಿಯ ಬಿಳಿ ಗೂಡು ನೀಲಿಯಾಗಿ ಬಂದರೆ ಅವರು ಒಳಗಿನ ಸಲಹೆಯನ್ನು ಓದುವ ಮೊದಲೇ ನಗುತ್ತಾರೆ. ಬಿಳಿ ಗೂಡಿನ ಮೇಲೆ ಐಡ್ರಾಪರ್ ಇಟ್ಟು ಅಂಕಿ ನೋಡಿ. ಸಯಾನ್ 5 ಇದ್ದರೆ ಮಜೆಂಟಾ, ಹಳದಿ ಮೂರು ನಾಲ್ಕಾದರೂ ಇರಬೇಕು, ಆಗ ಬಿಳಿ ಬಿಳಿಯಾಗಿರುತ್ತದೆ. ಮನುಷ್ಯರ ಮೈಬಣ್ಣಕ್ಕೂ ಇಂಥದ್ದೇ ಲೆಕ್ಕ. ನಮ್ಮ ಜನರ ಮುಖದಲ್ಲಿ ಹಳದಿ ಮಜೆಂಟಾಗಿಂತ ತುಸು ಮೇಲಿರಬೇಕು, ಸಯಾನ್ ಅವುಗಳ ಅರ್ಧಕ್ಕಿಂತ ಕೆಳಗೆ. ಮಜೆಂಟಾ ಮೇಲಾದರೆ ನಾಯಕರ ಹುಟ್ಟುಹಬ್ಬದ ಬ್ಯಾನರಿನಲ್ಲಿ ಎಲ್ಲರೂ ಬಿಸಿಲಿಗೆ ಬೆಂದವರಂತೆ ಕಾಣುತ್ತಾರೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ, ಅದು ಎಷ್ಟರ ಮಟ್ಟಿಗೆ ಜಾರಿಯಲ್ಲಿದೆ ಎಂಬುದನ್ನು ಯಾವ ವೃತ್ತದಲ್ಲಿ ನಿಂತರೂ ನೋಡಬಹುದು. ಬಟ್ಟೆಯ ಬ್ಯಾನರಿಗೆ ಬದಲಾದವರು ಒಂದನ್ನು ನೆನಪಿಡಿ: ಫ್ಲೆಕ್ಸಿಗೆ ಮಾಡಿದ ಫೈಲು ಬಟ್ಟೆಗೆ ಹಾಗೆಯೇ ಹೊಂದುವುದಿಲ್ಲ.

ಇನ್ನು ನಮ್ಮವರ, ಪ್ರೆಸ್ಸಿನವರ ಪಾಲು. ತಪ್ಪೆಲ್ಲ ನಿಮ್ಮದೇ ಎಂಬಂತೆ ಬರೆದು ಮುಗಿಸಿದರೆ ಅನ್ಯಾಯವಾದೀತು. “ಕಳಿಸಿ ಸಾರ್, ಮಷೀನಲ್ಲಿ ಅಡ್ಜಸ್ಟ್ ಮಾಡ್ಕೊತೀವಿ” ಎನ್ನುವ ಪ್ರೆಸ್ಸನ್ನು ನಂಬಬೇಡಿ. ವಿಸಿಟಿಂಗ್ ಕಾರ್ಡು, ಕರಪತ್ರಗಳು ಬಹಳ ಸಲ ಗ್ಯಾಂಗ್ ಶೀಟಿನಲ್ಲಿ, ಐದಾರು ಗಿರಾಕಿಗಳ ಕೆಲಸದ ಜೊತೆ ಒಟ್ಟಿಗೆ ಅಚ್ಚಾಗುತ್ತವೆ. ನಿಮ್ಮ ಸಾಲಿನಲ್ಲೇ ಬಿದ್ದ ಇನ್ನೊಬ್ಬರ ಕೆಂಪಿಗೆಂದು ಮಜೆಂಟಾ ಏರಿಸಿದರೆ ನಿಮ್ಮ ಫೋಟೊದ ಮುಖವೂ ಕೆಂಪೇರುತ್ತದೆ. ಅಡ್ಜಸ್ಟ್‌ಮೆಂಟ್ ಎಂದರೆ ಅಷ್ಟೇ. ಕಡಿಮೆ ದರಕ್ಕೆ ಗ್ಯಾಂಗ್ ಶೀಟ್ ಒಪ್ಪಿಕೊಂಡಿದ್ದರೆ ಬಣ್ಣದ ಬಗ್ಗೆ ಜಗಳ ಕೂಡದು. ಬಣ್ಣ ಮುಖ್ಯವಾದರೆ ಗ್ಯಾಂಗ್ ಶೀಟ್ ಕೂಡದು. ಪ್ರೊಫೈಲ್ ಕೇಳಿದರೆ ಮುಖ ನೋಡುವ ಪ್ರೆಸ್ಸಿಗೆ ಲೆಟರ್‌ಹೆಡ್ ಕೊಡಿ, ಬೊಂಬೆ ಪೆಟ್ಟಿಗೆ ಕೊಡಬೇಡಿ. ಪಕ್ಕದ ಲೇಸರ್ ಪ್ರಿಂಟರಿನಲ್ಲಿ ತೆಗೆದ ಬಣ್ಣದ ಕಾಪಿಯನ್ನು ಪ್ರೂಫ್ ಎಂದು ಕೊಟ್ಟರೆ ಒಪ್ಪಬೇಡಿ. ಅದಕ್ಕೂ ಆಫ್‌ಸೆಟ್ ಮಷೀನಿಗೂ ನಂಟಿಲ್ಲ. ಪ್ರೆಸ್ಸಿನ ಪ್ರೊಫೈಲಿಗೆ ಹೊಂದಿಸಿದ ಪ್ರೂಫ್ ಕೇಳಿ. ಅದರ ಖರ್ಚನ್ನು ಎಸ್ಟಿಮೇಟಿನಲ್ಲಿ ಬೇರೆ ಸಾಲಾಗಿ ಬರೆದು ಗಿರಾಕಿಯಿಂದಲೇ ಪಡೆಯಿರಿ. ಕೊಡುವುದಿಲ್ಲ ಎಂದವರಿಂದ “ಬಣ್ಣಕ್ಕೆ ಪ್ರೂಫ್ ಬೇಡವೆಂದಿದ್ದೇನೆ” ಎಂಬ ಒಂದು ಸಾಲು ಬರೆಸಿಕೊಳ್ಳಿ. ಬರೆಯಲು ಪೆನ್ನು ಹಿಡಿದಾಗ ಹೆಚ್ಚಿನವರು ಪ್ರೂಫಿಗೇ ಒಪ್ಪುತ್ತಾರೆ. ಕೊಟ್ಟ ಪ್ರೂಫಿನ ಮೇಲೆ ಗಿರಾಕಿಯ ಸಹಿ, ತಾರೀಖು ಇರಲಿ. ಅದೇ ಪ್ರತಿ ಮಷೀನಿನ ಹತ್ತಿರ ಹೋಗಲಿ.

ಕೊನೆಯದಾಗಿ ಒಂದು ಪ್ರಸ್ತಾಪ. ನಾಲ್ಕೂ ಊರಿನ ಅಂಗಡಿಗಳವರು ಸೇರಿ ಒಂದು ಬಣ್ಣದ ಹಾಳೆ ಮಾಡಿಸೋಣ. 18×23 ಇಂಚಿನ ಶೀಟಿನಲ್ಲಿ ನಾವು ನಿಜವಾಗಿ ಬಳಸುವ ಬಣ್ಣಗಳ ಚೌಕಗಳು, ಪ್ರತಿಯೊಂದರ ಕೆಳಗೆ ಅದರ ಅಂಕಿ: ಬಾವುಟದ ಹಳದಿ ಕೆಂಪುಗಳ ನಾಲ್ಕಾರು ಹಂತ, ಅರಗಿನ ಬಣ್ಣಗಳು, ಮಾವು, ಗೂಡು, ಮೈಬಣ್ಣ, ನೀಲಿಯ ಸರಣಿ, ಎರಡು ಬಗೆಯ ಕಪ್ಪು, ಮತ್ತು ಎಂಟು ಪಾಯಿಂಟಿನ ಕನ್ನಡ ಅಕ್ಷರ ಕಪ್ಪಿನಲ್ಲೂ ಬಿಳಿಯಲ್ಲೂ. ಅದೇ ಪ್ಲೇಟನ್ನು ಆರ್ಟ್ ಕಾರ್ಡ್, ಮ್ಯಾಪ್ಲಿಥೊ, ಕ್ರಾಫ್ಟ್ ಮೂರರ ಮೇಲೂ ಓಡಿಸಿ, ಆರ್ಟ್ ಕಾರ್ಡಿನ ಅರ್ಧಕ್ಕೆ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ, ಅಂಗಡಿಗೊಂದು ಸೆಟ್ ಹಂಚಿಕೊಳ್ಳುವುದು. ಗಿರಾಕಿ ಬಂದು ಫೋನ್ ತೋರಿಸಿ ಬಣ್ಣ ಕೇಳಿದಾಗ ನೀವು ಹಾಳೆಯನ್ನು ಮುಂದಿಡಬಹುದು. ಪ್ಲೇಟಿನ ಕೆಲಸ ನಾನು ಮಾಡಿಕೊಡುತ್ತೇನೆ. ಕಾಗದ, ಇಂಕು, ಲ್ಯಾಮಿನೇಷನ್ ವೆಚ್ಚ ಹಂಚಿಕೊಂಡರೆ ಯಾರಿಗೂ ಭಾರವಾಗದು. ದಸರಾ ಕಳೆದು ರಾಜ್ಯೋತ್ಸವದ ಗಡಿಬಿಡಿ ಶುರುವಾಗುವ ಮುನ್ನ ಮುಗಿದರೆ ಒಳ್ಳೆಯದು. ಹಾಳೆಯಲ್ಲಿ ಯಾವ ಬಣ್ಣಗಳು ಬೇಕು ಎಂಬ ಪಟ್ಟಿಯನ್ನು ಒಂದೊಂದು ಊರಿನವರು ಒಟ್ಟಾಗಿ ಮಾಡಿ ಕಳಿಸಿ, ಒಬ್ಬೊಬ್ಬರೇ ಕಳಿಸಿದರೆ ಕೆಂಪೇ ನೂರಾಗುತ್ತದೆ. ಚನ್ನಪಟ್ಟಣದವರು ಪಟ್ಟಿಯ ಜೊತೆಗೆ ಹೊಸದಾಗಿ ಅರಗು ಹಾಕಿದ ಬೊಂಬೆಗಳನ್ನೂ ಕಳಿಸಬೇಕು: ಕೆಂಪು, ಹಳದಿ, ಹಸಿರು, ಸಾಧ್ಯವಾದರೆ ನೀಲಿ. ಅಂಗಡಿಯ ಗಾಜಿನ ಹಿಂದೆ ವರ್ಷಗಟ್ಟಲೆ ಬಿಸಿಲು ಕಂಡದ್ದು ಬೇಡ.

ಇಂತಿ,
ಪ್ಲೇಟ್ ವಿಭಾಗದಿಂದ ನಿಮ್ಮವನು